ಹಳೆಯ ಕಾರಿಗೆ ಯಾವ ಬ್ರೇಕ್ ಕ್ಯಾಲಿಪರ್? ಅಳೆದು, ಹೋಲಿಸಿ, ಜೋಡಿಸುವ ಸಮಗ್ರ ಮಾರ್ಗದರ್ಶಿ

ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಇಳಿದು ಸೋಮೇಶ್ವರದಲ್ಲಿ ಕಾರು ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿದ್ದರೆ, ಪೆಡಲ್, ಘಾಟಿಯ ಮೇಲಿನಿಂದ ಹೊರಟಾಗ ಇದ್ದುದಕ್ಕಿಂತ ಎರಡು ಬೆರಳಿನಷ್ಟು ಕೆಳಗೆ ಹೋಗುತ್ತಿದ್ದರೆ, ಆ ಬ್ರೇಕಿನ ಮೇಲೆ ಅದರ ಶಕ್ತಿ ಮೀರಿದ ಹೊರೆ ಬಿದ್ದಿದೆ ಎಂದೇ ಅರ್ಥ. ಹೊರೆ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಜನ, ಸಾಮಾನು ಸೇರಿ 1000 ಕಿಲೋ ತೂಗುವ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 247 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು ವೇಗ ಹೆಚ್ಚಿಸಿಕೊಳ್ಳದೆ ನೂರು ಮೀಟರ್ ಎತ್ತರವನ್ನು ಇಳಿದರೆ ತಡೆಯಬೇಕಾದ ಶಕ್ತಿ 981 ಕಿಲೋಜೂಲ್. ಎಂಜಿನ್ನು, ಗಾಳಿ, ಟೈರುಗಳು ಹೊರುವ ಪಾಲನ್ನು ಬದಿಗಿಟ್ಟು ನೋಡಿದರೆ, ಘಾಟಿಯ ಪ್ರತಿ ನೂರು ಮೀಟರ್ ಇಳಿತವೂ 80ರ ವೇಗದಿಂದ ನಾಲ್ಕು ಸಲ ಬೆನ್ನುಬೆನ್ನಿಗೆ ನಿಲ್ಲಿಸಿದ್ದಕ್ಕೆ ಸಮ.

ಇಲ್ಲಿ ಬರೆಯುತ್ತಿರುವುದು ನಾನು ಓಡಿಸುವ ಕಾರಿನ ಕುಟುಂಬವನ್ನು ಮುಂದಿಟ್ಟುಕೊಂಡು. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಯಿತು. ನಮ್ಮ ಹೆರಾಲ್ಡ್‌ಗಳಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ಅದೇ ಚಾಸಿಯ ವಂಶದಲ್ಲಿ ಹುಟ್ಟಿದ ಸ್ಪಿಟ್‌ಫೈರ್ ಮತ್ತು ಜಿಟಿ6 ಕಾರುಗಳಿಗೆ ಮುಂದೆ ಗರ್ಲಿಂಗ್ ಕಂಪನಿಯ ಡಿಸ್ಕ್ ಬ್ರೇಕು ಇದ್ದುದರಿಂದ, ಹೆರಾಲ್ಡ್ ಇಟ್ಟುಕೊಂಡವರು ಮೊದಲು ಕಣ್ಣು ಹಾಕುವುದು ಅವುಗಳ ಕ್ಯಾಲಿಪರ್‌ಗಳ ಮೇಲೆ, ಅಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡೂ ಬದಿಯ ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗದ ಮೇಲೆ. ನಿಮ್ಮದು ಪದ್ಮಿನಿಯೋ ಅಂಬಾಸಿಡರೋ ಆಗಿದ್ದರೂ ಅಳೆಯುವ ಕ್ರಮ ಬದಲಾಗುವುದಿಲ್ಲ.

ಖರೀದಿಗೆ ಮೊದಲು

ಇರುವ ಬ್ರೇಕನ್ನು ಮೊದಲು ಅದರ ಪೂರ್ಣ ಆರೋಗ್ಯಕ್ಕೆ ತನ್ನಿ. ಹಳೆಯ ರಬ್ಬರ್ ಹೋಸುಗಳು ಒಳಗೊಳಗೇ ಊದಿಕೊಂಡು ಆಯಿಲ್ ಹಿಂದಿರುಗುವ ದಾರಿಯನ್ನು ಮುಚ್ಚಿರುತ್ತವೆ. ಚಕ್ರದ ಸಿಲಿಂಡರಿನ ರಬ್ಬರ್ ಕಪ್‌ಗಳು ಒಸರುತ್ತಿರುತ್ತವೆ. ಡ್ರಮ್ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಮೂರು ಮಳೆಗಾಲ ಕಂಡ ಆಯಿಲಿನೊಂದಿಗೆ ಘಾಟಿ ಇಳಿದು, ಕ್ಯಾಲಿಪರ್ ಬದಲಿಸಬೇಕೆಂದು ತೀರ್ಮಾನಿಸುವುದು ಸರಿಯಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಿಮ್ಮ ಹಳೆಯ ಕಾರಿಗೆ ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಸಿಲಿಂಡರ್) ಇದ್ದರೆ, ಎಲ್ಲಾದರೂ ಒಂದು ಪೈಪು ಒಡೆದ ಕ್ಷಣ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಅದನ್ನು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿಗೇ ಹಾಕಿ, ಕ್ಯಾಲಿಪರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಕಡೆಗೂ ಒಮ್ಮೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಲು ಅದು ಮೂಲ ರೂಪದಲ್ಲಿ ಉಳಿದಿರಬೇಕು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಚಾಸಿಯನ್ನು ಎಲ್ಲಿಯೂ ಕೊಯ್ಯದೆ, ಬೋಲ್ಟ್ ಬಿಚ್ಚಿದರೆ ಹಿಂದಿನ ಸ್ಥಿತಿಗೆ ಮರಳಬಹುದಾದ ರೀತಿಯಲ್ಲಿಯೇ ಕೆಲಸ ಮಾಡಿಸಿ. ಕಳಚಿದ ಡ್ರಮ್ಮುಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ ಎತ್ತಿಡಿ.

ಪಿಸ್ಟನ್ನಿನ ಸಂಖ್ಯೆಯಲ್ಲ, ವಿಸ್ತೀರ್ಣ

ಕ್ಯಾಲಿಪರ್ ಹೋಲಿಕೆಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ಪಿಸ್ಟನ್ ಎಂದು. ಕೇಳಬೇಕಾದ್ದು ಡಿಸ್ಕಿನ ಒಂದು ಬದಿಯ ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ ಎಷ್ಟು ಎಂದು. ಆಯಿಲಿನ ಒತ್ತಡವನ್ನು ಆ ವಿಸ್ತೀರ್ಣದಿಂದ ಗುಣಿಸಿದರೆ ಪ್ಯಾಡು ಡಿಸ್ಕನ್ನು ಒತ್ತುವ ಬಲ ಸಿಗುತ್ತದೆ. ಎರಡು ಬದಿಯಲ್ಲೂ ಪಿಸ್ಟನ್ ಇರುವ ಫಿಕ್ಸ್ಡ್ ಕ್ಯಾಲಿಪರಿನಲ್ಲಿ ಎರಡೂ ಬದಿಯನ್ನು ಕೂಡಿಸಿ ಲೆಕ್ಕ ಹಾಕಿದರೆ ಉತ್ತರ ಇಮ್ಮಡಿಯಾಗಿ ತಪ್ಪುತ್ತದೆ, ಏಕೆಂದರೆ ಒಂದೇ ಬದಿಯಲ್ಲಿ ಪಿಸ್ಟನ್ ಇರುವ ಸ್ಲೈಡಿಂಗ್ ಕ್ಯಾಲಿಪರಿನಲ್ಲೂ ಅದರ ದೇಹವೇ ಜಾರಿ ಬಂದು ಹೊರಗಿನ ಪ್ಯಾಡನ್ನು ಅಷ್ಟೇ ಬಲದಿಂದ ಎಳೆಯುತ್ತದೆ.

ವಿಸ್ತೀರ್ಣಕ್ಕೆ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿದರೆ ಸಾಕು. ಸ್ಪಿಟ್‌ಫೈರಿನ ಗರ್ಲಿಂಗ್ ಟೈಪ್ 14 ಕ್ಯಾಲಿಪರಿಗೆ ಬದಿಗೊಂದು 48 ಮಿ.ಮೀ. ಪಿಸ್ಟನ್, ವಿಸ್ತೀರ್ಣ ಸುಮಾರು 1810 ಚದರ ಮಿ.ಮೀ. ಜಿಟಿ6ರ ಟೈಪ್ 16 ಕ್ಯಾಲಿಪರಿಗೆ ಬದಿಗೊಂದು 54 ಮಿ.ಮೀ. ಪಿಸ್ಟನ್, ವಿಸ್ತೀರ್ಣ 2290. ವ್ಯಾಸದಲ್ಲಿ ಆರೇ ಮಿ.ಮೀ. ಹೆಚ್ಚು, ಆದರೆ ಒತ್ತುವ ಬಲದಲ್ಲಿ ಶೇಕಡಾ 26ಕ್ಕೂ ಮಿಕ್ಕ ಹೆಚ್ಚಳ. ಈಗ ಬದಿಗೆರಡರಂತೆ 38 ಮಿ.ಮೀ. ಪಿಸ್ಟನ್‌ಗಳಿರುವ, ನೋಡಲು ಭವ್ಯವಾದ ನಾಲ್ಕು ಪಿಸ್ಟನ್ ಕ್ಯಾಲಿಪರನ್ನು ತೆಗೆದುಕೊಳ್ಳಿ. ಒಂದು ಬದಿಯ ಎರಡು ಪಿಸ್ಟನ್‌ಗಳ ವಿಸ್ತೀರ್ಣ 2268 ಚದರ ಮಿ.ಮೀ. ಅಂದರೆ ಅರವತ್ತರ ದಶಕದ ಟೈಪ್ 16ಕ್ಕಿಂತ ಕೂದಲೆಳೆಯಷ್ಟು ಕಡಿಮೆ! ವಿಲ್‌ವುಡ್ ಕಂಪನಿಯ ಡೈನಲೈಟ್ ಕ್ಯಾಲಿಪರ್ ಒಂದೇ ಹೆಸರಿನಲ್ಲಿ ಬೇರೆಬೇರೆ ಪಿಸ್ಟನ್ ಅಳತೆಗಳಲ್ಲಿ ಸಿಗುತ್ತದೆ. 1.38 ಇಂಚಿನದಕ್ಕೆ ಬದಿಗೆ ಸುಮಾರು 1930 ಚದರ ಮಿ.ಮೀ. ಆದರೆ, 1.75 ಇಂಚಿನದಕ್ಕೆ 3100. ಹೊರನೋಟ ಒಂದೇ, ಕೊಡುವ ಬಲ ಒಂದೂವರೆ ಪಟ್ಟಿಗೂ ಹೆಚ್ಚು ಬೇರೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಪಿಸ್ಟನ್ ವ್ಯಾಸವನ್ನು ವರ್ನಿಯರ್ ಹಿಡಿದು ನೀವೇ ಅಳೆಯಬೇಕು ಎಂದು ಹೇಳುವುದು ಇದಕ್ಕೇ.

ನಾಲ್ಕು ಪಿಸ್ಟನ್‌ನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಉದ್ದನೆಯ ಪ್ಯಾಡನ್ನು ಎರಡು ಕಡೆ ಒತ್ತುವುದರಿಂದ ಅದು ಸಮನಾಗಿ ಸವೆಯುತ್ತದೆ, ಶಾಖ ಹರಡಿಕೊಳ್ಳುತ್ತದೆ, ಅಲ್ಯೂಮಿನಿಯಂ ದೇಹವಾಗಿದ್ದರೆ ತೂಕವೂ ಇಳಿಯುತ್ತದೆ. ಆದರೆ ಈ ಯಾವುದೂ ತಡೆಯುವ ಬಲವನ್ನು ತಾನಾಗಿಯೇ ಹೆಚ್ಚಿಸುವುದಿಲ್ಲ.

ಬಲದ ನಂತರ ನೋಡಬೇಕಾದ್ದು ಆ ಬಲ ಚಕ್ರದ ಕೇಂದ್ರದಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದು. ಡಿಸ್ಕಿನ ತ್ರಿಜ್ಯದಿಂದ ಪ್ಯಾಡಿನ ಎತ್ತರದ ಅರ್ಧವನ್ನು ಕಳೆದರೆ ಅದು ಹೆಚ್ಚುಕಡಿಮೆ ಸಿಗುತ್ತದೆ. ಸ್ಪಿಟ್‌ಫೈರಿನ ಡಿಸ್ಕು 9 ಇಂಚು, ಜಿಟಿ6ರದು 9.7 ಇಂಚು. ಪ್ಯಾಡಿನ ಎತ್ತರವನ್ನು 40 ಮಿ.ಮೀ. ಎಂದು ಹಿಡಿದರೆ ಕ್ರಮವಾಗಿ ಸುಮಾರು 94 ಮತ್ತು 103 ಮಿ.ಮೀ.; ಹೆಚ್ಚಳ ಶೇಕಡಾ 9. ಎರಡನ್ನೂ ಸೇರಿಸಿದರೆ, ಕಾಲಿನ ಒತ್ತಡ ಅಷ್ಟೇ ಇದ್ದು ಬೇರೇನೂ ಬದಲಾಗದಿದ್ದಲ್ಲಿ, ಜಿಟಿ6 ಸೆಟ್ಟಿನಲ್ಲಿ ಮುಂಚಕ್ರವನ್ನು ತಡೆಯುವ ಶಕ್ತಿ ಸ್ಪಿಟ್‌ಫೈರ್ ಸೆಟ್ಟಿಗಿಂತ ಶೇಕಡಾ 38ರಷ್ಟು ಹೆಚ್ಚು. ಶಾಖವನ್ನು ಹೀರಿಕೊಳ್ಳುವುದು ಡಿಸ್ಕಿನ ಕಬ್ಬಿಣವೇ ಆದ್ದರಿಂದ ಅದರ ತೂಕವನ್ನೂ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳಿ. ಘಾಟಿಯ ಮಟ್ಟಿಗೆ ಒಂದು ಕಿಲೋ ಹೆಚ್ಚು ಕಬ್ಬಿಣ ಎರಡು ಹೆಚ್ಚುವರಿ ಪಿಸ್ಟನ್‌ಗಿಂತ ಬೆಲೆಬಾಳುತ್ತದೆ.

ಮಾಸ್ಟರ್ ಸಿಲಿಂಡರಿನೊಂದಿಗೆ ಹೊಂದಾಣಿಕೆ

ದೊಡ್ಡ ಪಿಸ್ಟನ್ನಿಗೆ ಹೆಚ್ಚು ಆಯಿಲ್ ಬೇಕು, ಅದನ್ನು ಕೊಡುವುದು ನಿಮ್ಮ ಕಾಲು. ಗರ್ಲಿಂಗ್ ಮಾಸ್ಟರ್ ಸಿಲಿಂಡರ್‌ಗಳು 5/8, 0.7, 3/4 ಇಂಚಿನ ಬೋರುಗಳಲ್ಲಿ (ಒಳವ್ಯಾಸಗಳಲ್ಲಿ) ಬರುತ್ತಿದ್ದವು. 0.7 ಇಂಚಿನದರ ವಿಸ್ತೀರ್ಣ 248 ಚದರ ಮಿ.ಮೀ., 3/4 ಇಂಚಿನದು 285. ಕ್ಯಾಲಿಪರಿನ ಒಂದು ಬದಿಯ ವಿಸ್ತೀರ್ಣವನ್ನು ಇದರಿಂದ ಭಾಗಿಸಿ. 0.7 ಇಂಚಿನ ಸಿಲಿಂಡರಿನೊಂದಿಗೆ ಟೈಪ್ 14ಕ್ಕೆ 7.3, ಟೈಪ್ 16ಕ್ಕೆ 9.2 ಬರುತ್ತದೆ. ಈ ಸಂಖ್ಯೆ ಏರಿದಂತೆ ಪೆಡಲ್ ಹಗುರವಾಗುತ್ತದೆ, ಜೊತೆಗೆ ಮುಂಚಕ್ರಗಳ ಪಾಲಿನ ಪೆಡಲ್ ಓಟವೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತದೆ. ಟೈಪ್ 16ರೊಂದಿಗೆ 3/4 ಇಂಚಿನ ಸಿಲಿಂಡರನ್ನು ಹಾಕಿದರೆ ಅನುಪಾತ 8ಕ್ಕೆ ಇಳಿದು, ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಆಗ ಟೈಪ್ 14ಕ್ಕಿಂತ ಡಿಸ್ಕಿನ ಲಾಭವೂ ಸೇರಿ ಒಟ್ಟು ಹೆಚ್ಚಳ ಶೇಕಡಾ 20ರ ಆಸುಪಾಸಿನಲ್ಲಿ ಉಳಿಯುತ್ತದೆ. ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಸಾಧನ) ಇಲ್ಲದ ಕಾರಿಗೆ ನಾನು ಈ ಅನುಪಾತವನ್ನು 8ರಿಂದ 9ರೊಳಗೆ ಇಟ್ಟುಕೊಳ್ಳಲು ಬಯಸುತ್ತೇನೆ.

ಡ್ರಮ್‌ನಿಂದ ಡಿಸ್ಕಿಗೆ ಬರುವವರಿಗೆ ಇನ್ನೊಂದು ಅನಿರೀಕ್ಷಿತ ಅನುಭವವಾಗುತ್ತದೆ. ತಿರುಗುವ ಡ್ರಮ್ಮು ಮುಂಭಾಗದ ಶೂವನ್ನು ತಾನೇ ಒಳಗೆಳೆದುಕೊಂಡು ಕಾಲಿನ ಬಲವನ್ನು ವೃದ್ಧಿಸುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಹೀಗಾಗಿ ಹೊಸ ಡಿಸ್ಕ್ ಹಾಕಿದ ಮೊದಲ ದಿನ ಪೆಡಲ್ ಕಲ್ಲಿನಂತೆ ಅನ್ನಿಸಬಹುದು. ದೊಡ್ಡ ಪಿಸ್ಟನ್ ಅಥವಾ ಬೂಸ್ಟರ್ ಬೇಕಾಗುವುದು ಈ ಕಾರಣಕ್ಕೆ. ಡ್ರಮ್ ವ್ಯವಸ್ಥೆಯ ಹಲವು ಮಾಸ್ಟರ್ ಸಿಲಿಂಡರ್‌ಗಳಲ್ಲಿ ಪೈಪಿನೊಳಗೆ ಅಲ್ಪ ಒತ್ತಡವನ್ನು ಸದಾ ಉಳಿಸುವ ಒಂದು ಚಿಕ್ಕ ವಾಲ್ವ್ ಇರುತ್ತದೆ. ಅದನ್ನು ಡಿಸ್ಕಿನ ಸಾಲಿನಲ್ಲಿ ಹಾಗೆಯೇ ಬಿಟ್ಟರೆ ಪ್ಯಾಡುಗಳು ಡಿಸ್ಕನ್ನು ಸವರಿಕೊಂಡೇ ಓಡುತ್ತವೆ, ಇಪ್ಪತ್ತು ಕಿ.ಮೀ. ಹೋಗುವಷ್ಟರಲ್ಲಿ ರಿಮ್ಮು ಕೈ ಇಡಲಾಗದಷ್ಟು ಕಾಯುತ್ತದೆ.

ಹಿಂದಿನ ಚಕ್ರಗಳು ಡ್ರಮ್ಮಿನಲ್ಲೇ ಉಳಿಯುವುದರಿಂದ ಮುಂದಿನದು ಬಲವಾದಷ್ಟೂ ಹಿಂದಿನದರ ಪಾಲು ಕಡಿಮೆಯಾಗುತ್ತದೆ. ಹಿಂಚಕ್ರ ಮೊದಲು ಲಾಕ್ ಆಗಿ ಕಾರು ಸುತ್ತಿ ನಿಲ್ಲುವುದಕ್ಕಿಂತ ಮುಂಚಕ್ರ ಮೊದಲು ಲಾಕ್ ಆಗುವುದು ಎಷ್ಟೋ ಮೇಲು. ಆದರೆ ಮಿತಿ ಮೀರಿದರೆ ಹಿಂದಿನ ಟೈರುಗಳ ಹಿಡಿತವೆಲ್ಲ ವ್ಯರ್ಥವಾಗಿ, ನಿಲ್ಲುವ ದೂರ ಉದ್ದವಾಗುತ್ತದೆ. ಹಳೆಯ ಬ್ರೇಕಿನಿಂದಲೇ ನಾಲ್ಕೂ ಚಕ್ರಗಳನ್ನು ಲಾಕ್ ಮಾಡಲು ಆಗುತ್ತಿತ್ತಾದರೆ ಹೊಸ ಕ್ಯಾಲಿಪರಿನಿಂದ ಮೊದಲ ಒಂದು ಸಲದ ನಿಲುಗಡೆ ಚಿಕ್ಕದಾಗುವುದಿಲ್ಲ, ಅದನ್ನು ತೀರ್ಮಾನಿಸುವುದು ಟೈರು. ಕ್ಯಾಲಿಪರಿನ ಲಾಭ ಕಾಣುವುದು ಐದನೆಯ, ಹತ್ತನೆಯ ಸಲದಲ್ಲಿ.

ದೂಳು, ಉಪ್ಪುಗಾಳಿ ಮತ್ತು ರಿಮ್ಮಿನೊಳಗಿನ ಜಾಗ

ರೇಸಿಗೆಂದೇ ಮಾಡಿದ ಅನೇಕ ಅಲ್ಯೂಮಿನಿಯಂ ಕ್ಯಾಲಿಪರ್‌ಗಳಿಗೆ ಪಿಸ್ಟನ್ ಸುತ್ತ ದೂಳು ತಡೆಯುವ ರಬ್ಬರ್ ಬೂಟು ಇರುವುದಿಲ್ಲ. ಮೇಲೆ ಹೇಳಿದ ಡೈನಲೈಟ್ ಅಂಥದ್ದು. ಪ್ರತಿ ರೇಸಿನ ನಂತರ ಬಿಚ್ಚಿ ತೊಳೆಯುವವರಿಗೆ ಅದು ಸರಿ. ಬಯಲುಸೀಮೆಯ ಕೆಮ್ಮಣ್ಣಿನ ದೂಳಿನಲ್ಲಿ, ಮಲೆನಾಡಿನ ಕೆಸರಿನಲ್ಲಿ ಓಡುವ ಕಾರಿಗೆ ಅದು ತಕ್ಕದ್ದಲ್ಲ, ಬೂಟಿರುವುದನ್ನೇ ಆರಿಸಿ. ಮಂಗಳೂರು, ಕಾರವಾರದ ಕಡೆಯವರು ಸ್ಲೈಡಿಂಗ್ ಕ್ಯಾಲಿಪರ್ ಕೊಳ್ಳುವುದಾದರೆ ಅದರ ಜಾರುವ ಪಿನ್ನುಗಳ ಮೇಲೆ ಕಣ್ಣಿಡಬೇಕು. ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದರೆ ಒಳಗಿನ ಪ್ಯಾಡು ಮಾತ್ರ ಸವೆದು ಹೊರಗಿನದು ಹೊಸದಾಗಿಯೇ ಉಳಿಯುತ್ತದೆ.

ಜಾಗದ ಅಳತೆಗೆ ರಟ್ಟಿನಲ್ಲಿ ಕ್ಯಾಲಿಪರಿನ ಹೊರ ಆಕಾರವನ್ನು ಕತ್ತರಿಸಿ, ಚಕ್ರ ಕೂರುವ ಹಬ್ಬಿನ ಮೇಲೆ ಅದರ ಸ್ಥಾನದಲ್ಲಿ ಹಿಡಿದು, ರಿಮ್ಮನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ರಿಮ್ಮಿನ ಒಳಮೈಗೂ ಕಡ್ಡಿಗಳ ಹಿಂಬದಿಗೂ ಕನಿಷ್ಠ 3 ಮಿ.ಮೀ. ಅಂತರ ಉಳಿಯಬೇಕು. ಒಳಮೈಗೆ ಅಂಟಿಸಿದ ಬ್ಯಾಲೆನ್ಸ್ ತೂಕಗಳನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಜಿಟಿ6 ತಯಾರಾದದ್ದೇ 13 ಇಂಚಿನ ರಿಮ್ಮಿನೊಂದಿಗೆ, ಆದ್ದರಿಂದ ಅದರ ಸೆಟ್ಟು ಅಂಥ ಉಕ್ಕಿನ ರಿಮ್ಮಿನೊಳಗೆ ಕೂರುತ್ತದೆ. ಬೇರೆ ಅಲಾಯ್ ರಿಮ್ಮಿನ ವಿಷಯದಲ್ಲಿ ರಟ್ಟಿನ ಪರೀಕ್ಷೆಯೊಂದೇ ಪ್ರಮಾಣ.

ಕೂರಿಸುವ ಬಗೆ ಮತ್ತು ಥ್ರೆಡ್ಡಿನ ಅಪಾಯ

ಟೈಪ್ 16ನ್ನು ಒಂಟಿಯಾಗಿ ತಂದು ಚಿಕ್ಕ ಹಬ್ಬಿಗೆ ಹೊಂದಿಸಲು ಹೋಗಬೇಡಿ. ಜಿಟಿ6ರ ನಿಲುವು ಕೊಂಡಿ (ವರ್ಟಿಕಲ್ ಲಿಂಕ್), ಸ್ಟಬ್ ಆಕ್ಸಲ್, ಹಬ್ಬು, ಡಿಸ್ಕು, ಕ್ಯಾಲಿಪರ್ ಇಷ್ಟನ್ನೂ ಒಂದೇ ಸೆಟ್ಟಾಗಿ ಹಾಕುವುದು ಈ ಕಾರುಗಳಲ್ಲಿ ಬಹುಕಾಲದಿಂದ ನಡೆದು ಬಂದ ಕ್ರಮ. ಆ ಕೆಲಸಕ್ಕೆ ಕೈ ಹಾಕಿದಾಗ ಆ ಕೊಂಡಿಯ ಕೆಳತುದಿ ತಿರುಗುವ ಹಿತ್ತಾಳೆಯ ಟ್ರನಿಯನ್ ಎಡಬಲಕ್ಕೆ ಬೇರೆಬೇರೆ ಎಂಬುದನ್ನೂ, ಅದಕ್ಕೆ ಗ್ರೀಸ್ ತುಂಬದೆ ಇಪಿ 90 ಗೇರ್ ಆಯಿಲ್ ಹಾಕಬೇಕೆಂಬುದನ್ನೂ ನೆನಪಿಡಿ. ಗ್ರೀಸ್ ಗಟ್ಟಿಯಾಗಿ ದಾರಿ ಮುಚ್ಚಿ, ಒಣಗಿದ ಕೊಂಡಿ ತುಂಡಾದರೆ ಯಾವ ಕ್ಯಾಲಿಪರೂ ಕಾಪಾಡುವುದಿಲ್ಲ.

ಬೇರೆ ಕಾರಿನವರು ಬ್ರ್ಯಾಕೆಟ್ ಮಾಡಿಸಬೇಕಾಗಬಹುದು. ಮೊದಲು ಪ್ಲೈವುಡ್ಡಿನಲ್ಲಿ ಮಾದರಿ ಮಾಡಿ, ಡಿಸ್ಕಿನ ಮಧ್ಯರೇಖೆ ಕ್ಯಾಲಿಪರಿನ ಮಧ್ಯರೇಖೆಯ ಮೇಲೆ ಅರ್ಧ ಮಿ.ಮೀ. ಒಳಗೆ ಬೀಳುವುದನ್ನು ಖಚಿತಪಡಿಸಿಕೊಂಡ ಮೇಲೆ ಉಕ್ಕಿನಲ್ಲಿ ಲೇಸರ್ ಕಟಿಂಗ್ ಮಾಡಿಸಿ. ಪೀಣ್ಯದಲ್ಲಿ ಒಂದೆರಡು ತುಂಡಿಗೂ ಒಪ್ಪುವ ವರ್ಕ್‌ಶಾಪುಗಳು ಹುಡುಕಿದರೆ ಸಿಗುತ್ತವೆ. ಬೆಸುಗೆ ಹಾಕಿ ಉದ್ದ ಮಾಡಿದ ಬ್ರ್ಯಾಕೆಟ್ಟನ್ನು ಒಪ್ಪಿಕೊಳ್ಳಬೇಡಿ. ಬೋಲ್ಟಿನ ತಲೆಯ ಮೇಲೆ 10.9 ಎಂಬ ಗುರುತು ಇರಲಿ, ಅದರ ಥ್ರೆಡ್ ಇಲ್ಲದ ನುಣುಪು ಭಾಗವೇ ಬ್ರ್ಯಾಕೆಟ್ಟಿನ ರಂಧ್ರದಲ್ಲಿ ಕೂರಲಿ.

ಇಷ್ಟೆಲ್ಲದರ ನಡುವೆ ಅತಿ ಚಿಕ್ಕದಾಗಿ ಕಂಡು ಅತಿ ದೊಡ್ಡ ಅನಾಹುತ ಮಾಡುವುದು ಪೈಪಿನ ಥ್ರೆಡ್ಡು. ಗರ್ಲಿಂಗ್ ಕ್ಯಾಲಿಪರ್‌ಗಳು ಹಳೆಯ ಇಂಚಿನ ಥ್ರೆಡ್ಡಿನಲ್ಲೂ ನಂತರದ ಮೆಟ್ರಿಕ್ ಥ್ರೆಡ್ಡಿನಲ್ಲೂ ಬಂದಿವೆ. 3/8 ಇಂಚಿನ ಯುಎನ್‌ಎಫ್ ನಟ್ಟಿನ ವ್ಯಾಸ 9.5 ಮಿ.ಮೀ., ಎಂ10 ನಟ್ಟಿನದು 10. ಇಂಚಿನ ನಟ್ಟು ಮೆಟ್ರಿಕ್ ರಂಧ್ರದೊಳಗೆ ಸಲೀಸಾಗಿ ಇಳಿದು, ಬಿಗಿಯಾದಂತೆ ನಟಿಸಿ, ಜೋರಾಗಿ ಪೆಡಲ್ ತುಳಿದ ದಿನ ಥ್ರೆಡ್ ಕಿತ್ತುಕೊಂಡು ಬರಬಲ್ಲದು. ಇಂಚಿಗೆ 24 ಹಲ್ಲಿನದೋ ಒಂದು ಮಿ.ಮೀ. ಅಂತರದ್ದೋ ಎಂಬುದನ್ನು ಥ್ರೆಡ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿಯೇ ಪೈಪನ್ನು ಜೋಡಿಸಿ.

ಜೆ.ಸಿ. ರಸ್ತೆಯಲ್ಲೋ ಕಲಾಸಿಪಾಳ್ಯದಲ್ಲೋ ಹಳೆಯ ಕ್ಯಾಲಿಪರ್ ಕೈಗೆ ಬಂದರೆ ಹೊರಗಿನ ಬಣ್ಣವನ್ನು ನೋಡಿ ಬೆಲೆ ಕಟ್ಟಬೇಡಿ. ಬೂಟನ್ನು ಸರಿಸಿ ಪಿಸ್ಟನ್ನಿನ ಮೈಯನ್ನು ಉಗುರಿನಿಂದ ಸವರಿ. ಉಗುರು ಎಲ್ಲಿಯಾದರೂ ತಡೆದರೆ ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದೆ ಎಂದರ್ಥ, ಆ ಪಿಸ್ಟನ್ ಬದಲಾಗಲೇಬೇಕು. ಸೀಲು ಕೂರುವ ಕೊರಕಲನ್ನು ನೋಡುವುದು ಇನ್ನೂ ಮುಖ್ಯ. ಚೌಕಾಕಾರದ ಆ ಸೀಲು ಬ್ರೇಕ್ ಒತ್ತಿದಾಗ ತುಸು ತಿರುಚಿಕೊಂಡು, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡನ್ನು ಡಿಸ್ಕಿನಿಂದ ಬಿಡಿಸಲು ಅಲ್ಲಿ ಬೇರೆ ಸ್ಪ್ರಿಂಗ್ ಇಲ್ಲ. ಕೊರಕಲಿನಲ್ಲಿ ತುಕ್ಕು ಕಟ್ಟಿದರೆ ಸೀಲಿಗೆ ತಿರುಚಲು ಜಾಗ ಸಾಲದೆ ಬ್ರೇಕು ಹಿಡಿದುಕೊಂಡೇ ಇರುತ್ತದೆ. ಎರಡು ಅರ್ಧಗಳನ್ನು ಕೂಡಿಸಿದ ಬೋಲ್ಟುಗಳನ್ನು ಮಾತ್ರ ಬಿಚ್ಚಬೇಡಿ. ಗಾಳಿಯ ಒತ್ತಡದಿಂದ ಪಿಸ್ಟನ್ ಹೊರತೆಗೆಯುವಾಗ ನಡುವೆ ಮರದ ತುಂಡಿಟ್ಟು, ಬೆರಳುಗಳನ್ನು ದೂರವಿಡಿ.

ಜೋಡಣೆ, ಬ್ಲೀಡಿಂಗ್, ಪ್ಯಾಡು ಪಳಗಿಸುವುದು

ನನ್ನ ಕಾರಿನ ಕೆಲಸವನ್ನು ಮೊದಲು ಒಂದು ಗರಾಜಿಗೆ ಒಪ್ಪಿಸಿದ್ದೆ. ಮೂರು ದಿನ ಬ್ಲೀಡ್ ಮಾಡಿದರೂ, ಅಂದರೆ ಆಯಿಲಿನೊಳಗಿನ ಗಾಳಿಯನ್ನು ಹೊರಬಿಟ್ಟರೂ, ಪೆಡಲ್ ಸ್ಪಂಜಿನಂತೆಯೇ ಇತ್ತು. ಮಾಸ್ಟರ್ ಸಿಲಿಂಡರ್ ಕೆಟ್ಟಿದೆ ಎಂದು ಅದನ್ನೂ ಬದಲಿಸಿದರು. ಕೊನೆಗೆ ಚಕ್ರ ಕಳಚಿ ನಾನೇ ಟಾರ್ಚ್ ಹಿಡಿದು ನೋಡಿದಾಗ ಬ್ಲೀಡ್ ನಿಪ್ಪಲ್ಲು ಕ್ಯಾಲಿಪರಿನ ತಳದಲ್ಲಿತ್ತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದರು. ಗಾಳಿ ಮೇಲೆ ಕುಳಿತು, ಆಯಿಲ್ ಮಾತ್ರ ಕೆಳಗಿನಿಂದ ಹೊರಬರುತ್ತಿತ್ತು. ಅದಲುಬದಲು ಮಾಡಿ ಕೂರಿಸಿದ ಮೇಲೆ ಅರ್ಧ ಗಂಟೆಯಲ್ಲಿ ಪೆಡಲ್ ಗಟ್ಟಿಯಾಯಿತು. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಬೇರೆಬೇರೆ ಗಾತ್ರದ ಪಿಸ್ಟನ್‌ಗಳಿರುವ ಕ್ಯಾಲಿಪರಿನಲ್ಲಿ ಇದರ ಜೊತೆಗೆ ಚಿಕ್ಕ ಪಿಸ್ಟನ್ನು ಡಿಸ್ಕು ಒಳಬರುವ ಕಡೆಗೆ ಇರಬೇಕು, ಇಲ್ಲವಾದರೆ ಪ್ಯಾಡು ಓರೆಯಾಗಿ ಸವೆಯುತ್ತದೆ.

ಡಿಸ್ಕನ್ನು ಕೂರಿಸುವ ಮೊದಲು ಹಬ್ಬಿನ ಮೈಯ ತುಕ್ಕನ್ನು ಉಜ್ಜಿ ತೆಗೆದು, ಕೂರಿಸಿದ ಮೇಲೆ ಡಯಲ್ ಗೇಜಿನಿಂದ ಅಲುಗಾಟ ನೋಡಿ. ಹೊರ ಅಂಚಿನಲ್ಲಿ 0.1 ಮಿ.ಮೀ. ಮೀರಬಾರದು. ಹೋಸನ್ನು ಜೋಡಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಜಾಕ್ ಏರಿಸಿ ಇಳಿಸಿ, ಅದು ಎಲ್ಲಿಯೂ ಎಳೆಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿ. ಹೊಸ ಡಾಟ್ 4 ಆಯಿಲಿನಿಂದ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಬ್ಲೀಡ್ ಮಾಡಿ. ನಂತರ ಎಂಜಿನ್ ಆರಿಸಿ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಕಾಲು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಕಾರನ್ನು ಹೊರತೆಗೆಯಬೇಡಿ.

ಮೊದಲ ಓಟ ನಸುಕಿನಲ್ಲಿ, ಖಾಲಿ ರಸ್ತೆಯಲ್ಲಿ ಇರಲಿ. ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹಿತವಾಗಿ ಇಳಿಸಿ. ನಡುವೆ ಅರ್ಧ ಕಿ.ಮೀ. ಓಡಿಸಿ ತಣಿಯಲು ಬಿಡಿ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ನಿಂತರೆ ಆ ಜಾಗದಲ್ಲಿ ಕಲೆ ಬಿದ್ದು ಮುಂದೆ ಪೆಡಲ್ ನಡುಗುತ್ತದೆ. ಪ್ಯಾಡು ಪಳಗಿದ ಮೇಲೆ, ಒದ್ದೆಯಾದ ನಿರ್ಜನ ಮೈದಾನದಲ್ಲಿ, ಹೊರಗೆ ಸುರಕ್ಷಿತ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, 30ರ ವೇಗದಲ್ಲಿ ಕ್ರಮೇಣ ಒತ್ತುತ್ತ ಹೋಗಿ, ಯಾವ ಚಕ್ರ ಮೊದಲು ಲಾಕ್ ಆಗುತ್ತದೆಂದು ನೋಡಿಸಿ. ಹಿಂದಿನದು ಮೊದಲು ಲಾಕ್ ಆದರೆ ಹಿಂದಿನ ಸಿಲಿಂಡರನ್ನು ಚಿಕ್ಕದು ಮಾಡುವವರೆಗೆ ಕಾರನ್ನು ಹೆದ್ದಾರಿಗೆ ಒಯ್ಯಬಾರದು. ಮುಂದಿನವು ಎರಡೂ ಏಕಕಾಲಕ್ಕೆ, ಹಿಂದಿನವು ತುಸು ತಡವಾಗಿ ಲಾಕ್ ಆದರೆ ಹೊಂದಾಣಿಕೆ ಸರಿಯಾಗಿದೆ.

ಇನ್ನೂರು ಕಿ.ಮೀ. ಓಡಿದ ಮೇಲೆ ಚಕ್ರಗಳನ್ನು ಮತ್ತೊಮ್ಮೆ ಕಳಚಿ ಬ್ರ್ಯಾಕೆಟ್ಟಿನ ಬೋಲ್ಟುಗಳ ಬಿಗಿತವನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಿ, ಪೈಪಿನ ಪ್ರತಿ ಕೂಡಿಕೆಗೆ ಬಿಳಿಯ ಕಾಗದ ಒತ್ತಿ ಒದ್ದೆ ಹತ್ತುತ್ತದೆಯೇ ನೋಡಿ, ಪ್ರತಿ ಪ್ಯಾಡಿನ ದಪ್ಪವನ್ನು ಮೇಲ್ತುದಿ ಮತ್ತು ಕೆಳತುದಿಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಘಾಟಿಗೆ ಕಾರನ್ನು ಒಯ್ಯುವುದು ಆ ಪುಟ ಬರೆದಾದ ನಂತರವೇ ಆಗಲಿ.